ಭರಣಿ ಖಾಲಿ ಕಳಿಸುವುದಿಲ್ಲ

ಕೊಯಿಲ
9 ನವೆಂಬರ್ 2025, ಭಾನುವಾರ

ಹರಿಪ್ರಸಾದ್ ಅವರಿಗೆ,

ಹೀಗೆ ಬರೆದರೆ ಸೊಸೈಟಿಯ ನೋಟೀಸಿನ ಹಾಗೆ ಕಾಣುತ್ತದೆ, ಗೊತ್ತು. ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಧೈರ್ಯ ಸಾಲದೆ ಹಾಳೆ ಬದಲಿಸಿದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮಗಿಬ್ಬರಿಗೂ ಎರಡನೇ ಮಾತಿಗೇ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಪತ್ರದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ.

ಶುಕ್ರವಾರ ಜೀಪಿನ ಶೀನಪ್ಪಣ್ಣ ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ, “ಟೀಚರ್, ನಿಮ್ಮ ಅತ್ತೆಯ ಉಪ್ಪಿನಕಾಯಿ ಭರಣಿ ಬೇಕಂತೆ, ಹರಿಯಣ್ಣ ಹೇಳಿದ್ದು. ಸೋಮವಾರ ನಿಮ್ಮ ಸಂಪಾಜೆಗೆ ಬಾಡಿಗೆ ಉಂಟು ನಂಗೆ” ಎಂದರು. ನಗುತ್ತಲೇ ಆಯಿತು ಎಂದೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು. ಕಳೆದ ವರ್ಷ ಇಲ್ಲಿಗೆ ವರ್ಗವಾಗಿ ಹೊರಟಾಗ ಅತ್ತೆ ಮಾವಿನ ಮಿಡಿಯ ಉಪ್ಪಿನಕಾಯಿ ತುಂಬಿಸಿ ಕೊಟ್ಟ ಭರಣಿ ಅದು. ನಮ್ಮ ನಡುವೆ ವಾಪಸ್ ಕೊಡಲು ಉಳಿದಿರುವುದು ಅದೊಂದೇ. ಅದನ್ನೂ ಕೇಳಿದಿರೆಂದರೆ ನನ್ನನ್ನು ಪೂರ್ತಿ ಬಿಟ್ಟುಬಿಡುವ ಮನಸ್ಸು ಮಾಡಿದ್ದೀರಾ?

ಕೆಲಸ ಬಿಡು ಎಂದಿರಿ ನೀವು. ನಾಲ್ಕು ದಿನ ನೀವೇ ಬಂದು ಇರಿ ಎಂದೆ ನಾನು. “ರಬ್ಬರಿಗೆ ರಜೆ ಉಂಟಾ?” ಎಂದು ಕೇಳಿ ಟ್ಯಾಪಿಂಗ್ ಕತ್ತಿ ಮಸೆಯಲು ಹೋದಿರಿ. ಅಲ್ಲಿಂದ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡೆವು.

ನಿನ್ನೆ ಏಳನೇ ತರಗತಿಗೆ ಜಗತ್ತಿನ ಭಾಷೆಗಳ ಪಾಠವಿತ್ತು. ಇಂಗ್ಲಿಷೆಂದರೆ ತಲೆ ತಗ್ಗಿಸಿ ಕೂರುವ ಮಕ್ಕಳು ಇವರು. ಇಂಗ್ಲಿಷಿನವರ ‘ಅರೆಕಾ’ ಎಂಬ ಪದ ನಮ್ಮ ಅಡಕೆಯೇ, ಮಲಯಾಳದಿಂದ ಪೋರ್ಚುಗೀಸರ ಹಡಗು ಹತ್ತಿ ಅಲ್ಲಿಗೆ ಹೋದದ್ದು ಎಂದೆ. ತೋಟದ ಮಕ್ಕಳ ಮುಖ ಅರಳಿತು. ಅದೇ ಪೋರ್ಚುಗೀಸರಿಂದ ನಮಗೆ ಮೇಜು ಬಂತು, ಸಾಬೂನು ಬಂತು, ಚಾವಿ ಬಂತು ಎಂದು ಪರ್ಸಿನಿಂದ ನನ್ನ ಚಾವಿ ತೆಗೆದು ತೋರಿಸಿದೆ. ಹಿಂದಿನ ಬೆಂಚಿನ ಜಾಸಿರ್ ಎದ್ದು, “ತಕೊಂಡದ್ದನ್ನು ವಾಪಸ್ ಕೊಡ್ಲಿಕ್ಕಿಲ್ವಾ ಟೀಚರ್?” ಎಂದು ಕೇಳಿದ. ನನಗೆ ಭರಣಿ ನೆನಪಾಯಿತು. ಅಷ್ಟರಲ್ಲಿ ನಿಶ್ಮಿತಾ ತಿರುಗಿ, “ಎಂತ ವಾಪಸ್ ಮಾರಾಯ? ಅಡಕೆ ನಮ್ಮಲ್ಲೂ ಉಂಟಲ್ಲ. ಪಾತ್ರೆ ಖಾಲಿ ಕೊಡ್ಬಾರ್ದೂಂತ ಅವರು ಚಾವಿ ಹಾಕಿ ಕೊಟ್ಟದ್ದು” ಎಂದಳು. ನೆರೆಮನೆಯ ಪಾತ್ರೆಗೆ ಒಂದು ಹಿಡಿ ಬೆಲ್ಲವಾದರೂ ಹಾಕದೆ ಹಿಂದಿರುಗಿಸುವವರು ನಮ್ಮ ಕಡೆ ಯಾರಿದ್ದಾರೆ? ತರಗತಿಯೆಲ್ಲ ತಲೆಯಾಡಿಸಿತು.

ಆಮೇಲೆ ಒಬ್ಬೊಬ್ಬರೂ ಮನೆಮಾತಿನಲ್ಲಿ ಒಂದೊಂದು ಮಾತು ಹೇಳಿದರು. ತುಳು, ಬ್ಯಾರಿ, ಮಲಯಾಳ ಎಲ್ಲ ಆಯಿತು. ಕೊನೆಗೆ, ನಿಮ್ಮ ಮನೆಯಲ್ಲಿ ಎಂತ ಮಾತಾಡುದು ಎಂದು ನನ್ನನ್ನೇ ಕೇಳಿದರು. ಬೋರ್ಡಿನಲ್ಲಿ ಅರೆಭಾಷೆ ಎಂದು ಬರೆದೆ. ಅದನ್ನು ಆಡಿ ತುಂಬ ಕಾಲವಾಗಿತ್ತು. ಕಡೆಗೆ ಬಾಯಿಗೆ ಬಂದದ್ದು, ರಬ್ಬರ್ ಹಾಲಿನ ಕೈ ತೊಳೆಯುತ್ತ ಅಂಗಳದಿಂದಲೇ ನೀವು ಕೇಳುತ್ತಿದ್ದ “ಊಟ ಆತಾ?” ಮಕ್ಕಳೆಲ್ಲ ಒಟ್ಟಾಗಿ “ಊಟ ಆತಾ?” ಎಂದು ಕೂಗಿದರು. ನಾನು ಬೋರ್ಡಿನ ಕಡೆ ತಿರುಗಿ, ಒರೆಸಲು ಏನೂ ಇಲ್ಲದ ಜಾಗವನ್ನು ಒರೆಸುತ್ತ ನಿಂತೆ.

ಊಟ ಆಗಿರಲಿಲ್ಲ. ಹೆಚ್ಚಿನ ದಿನ ಆಗುವುದೇ ಇಲ್ಲ. ಒಬ್ಬಳಿಗಾಗಿ ಒಲೆ ಹೊತ್ತಿಸಲು ಮನಸ್ಸು ಬರುವುದಿಲ್ಲ, ಬನ್ನು ತಿಂದು ಮಲಗುತ್ತೇನೆ. ಇಲ್ಲಿ ಎಲ್ಲರೂ ಒಳ್ಳೆಯವರು, ಆದರೂ ನನಗೆ ತುಂಬ ಬೇಸರ. ಇದನ್ನು ಫೋನಿನಲ್ಲಾದರೆ ಖಂಡಿತ ಹೇಳುತ್ತಿರಲಿಲ್ಲ.

ಇವತ್ತು ಲಿಂಬೆ ತಂದು ಉಪ್ಪಿನಕಾಯಿ ಹಾಕಿ ಭರಣಿ ತುಂಬಿಸಿದ್ದೇನೆ. ಉಪ್ಪು ಒಂದಿಷ್ಟು ಮುಂದಾಗಿದೆ, ಅತ್ತೆಗೆ ಹೇಳಿ. ನಾಳೆ ಶೀನಪ್ಪಣ್ಣನ ಕೈಯಲ್ಲಿ ಈ ಪತ್ರದ ಜೊತೆಗೇ ಬರುತ್ತದೆ.

ಇನ್ನೂ ನಿಮ್ಮವಳೇ ಆದ
ಹೇಮಶ್ರೀ

ಮರೆತಿದ್ದೆ: ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟಿನಲ್ಲಿ ಒಂದು ಚಾವಿ ಉಂಟು. ಸಂಪಾಜೆಯ ಮನೆಯದೆಂದು ತಿಳಿಯಬೇಡಿ, ಅದನ್ನು ನಾನು ವಾಪಸ್ ಕೊಡುವುದಿಲ್ಲ. ಇದು ಇಲ್ಲಿಯ ಕೋಣೆಯ ಎರಡನೇ ಚಾವಿ. ನಾನು ಶಾಲೆಯಿಂದ ಬರುವಾಗ ಐದಾಗುತ್ತದೆ. ನೀವು ಮೊದಲೇ ಬಂದರೆ ಹೊರಗೆ ನಿಲ್ಲಬೇಡಿ, ಬಾಗಿಲು ತೆಗೆದು ಒಳಗೆ ಕೂತಿರಿ.