ಹೊರಕ್ಕೆ ತೆರೆಯುವ ಬಾಗಿಲು

ಅಪ್ಪನಿಗೆ ಹಿರೀಮಗಳ ನಮಸ್ಕಾರ.

"ನಶೆಯವರ ಸುದ್ದಿಯೆಲ್ಲ ಕಾರ್ಡಲ್ಲಿ ಬರೀಬೇಡ, ಅಂಚೆಯಣ್ಣ ಓದ್ತಾನೆ" ಅಂದಿದ್ದಿರಿ. ಓದಲಿ ಅಂತಲೇ ಕಾರ್ಡು ಹಾಕಿದ್ದೇನೆ.

ನಮ್ಮ ನರ್ಸಿಂಗ್ ತಂಡ ಕಲಿಯಲು ಬಂದಿರುವ ಈ ಪರದೇಶದ ಚಿಕಿತ್ಸಾಲಯದಲ್ಲಿ ನಶೆ ಚುಚ್ಚಿಕೊಳ್ಳುವವರಿಗೆ ಬುದ್ಧಿವಾದ ಹೇಳುವುದಿಲ್ಲ. ಹೊಸ ಸೂಜಿ ಕೊಟ್ಟು, ಜೀವ ಹೋಗದಂತೆ ಕಾಯುತ್ತಾರೆ. ಇಲ್ಲಿ ಕಕ್ಕಸಿನ ಬಾಗಿಲು ಹೊರಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾಗಬಾರದಂತೆ. ಮೂರು ನಿಮಿಷಕ್ಕೊಮ್ಮೆ ಅದನ್ನು ತಟ್ಟುವುದು ನನ್ನ ಕೆಲಸ. ಮೊದಲ ದಿನ ನಮ್ಮ ಮನೆಯ ಅಭ್ಯಾಸದಂತೆ ಬೆರಳ ತುದಿಯಲ್ಲಿ ತಟ್ಟಿ, ದೂರ ಸರಿದು ನಿಂತೆ. ಹಿರಿಯ ನರ್ಸ್ ಗದರಿದರು: "ನೀನು ಮರ್ಯಾದೆ ನೋಡ್ಕೊಂಡು ನಿಂತ್ರೆ ಒಳಗಿರೋನ ಉಸಿರು ನಿನಗೋಸ್ಕರ ಕಾಯುತ್ತಾ? ಜೋರಾಗಿ ಬಡಿಯಮ್ಮ!"

ನಿನ್ನೆ ಬಡಿದೆ. ಉತ್ತರ ಬರಲಿಲ್ಲ, ಬಾಗಿಲು ಎಳೆದೆ. ಚಿಕ್ಕಪ್ಪನ ವಯಸ್ಸಿನವನು, ತುಟಿ ನೀಲಿಗಟ್ಟಿತ್ತು. ನಶೆ ಇಳಿಸಿ ಉಸಿರು ಮರಳಿಸುವ ಔಷಧಿಯನ್ನು ಮೂಗಿಗೆ ಹೊಡೆದೆ. ಎದ್ದು ಕೂತವನೇ ನಶೆ ಇಳಿಸಿದ್ದಕ್ಕೆ ನನ್ನನ್ನೇ ಬೈದ. ಅಂಥ ಸಿಹಿ ಬೈಗುಳ ನಾನು ಕೇಳಿರಲಿಲ್ಲ.

ಚಿಕ್ಕಪ್ಪ ಸೂಜಿ ಚುಚ್ಚಿಕೊಂಡು ಬಿದ್ದ ದಿನ ನಮ್ಮ ಬಚ್ಚಲಿನ ಮುಂದೆ ಅರ್ಧ ಗಂಟೆ ನಿಂತೇ ಇದ್ದೆವು. "ಬಾಗಿಲು ಒಡೆದ್ರೆ ಬೀದಿಗೆಲ್ಲ ಗೊತ್ತಾಗುತ್ತೆ" ಅಂದವರು ನೀವು. ಆಮೇಲೆ ಅವರು ಸತ್ತದ್ದು ಹೃದಯಾಘಾತದಿಂದ ಅಂತ ಎಲ್ಲರಿಗೂ ಹೇಳಿದಿರಿ. ಗೋಡೆಯ ಮೇಲಿದ್ದ ಅವರ ಫೋಟೊವನ್ನೂ ಇಳಿಸಿದಿರಿ.

ನನ್ನ ಕೆಮ್ಮು ವಾಸಿಯಾಗಿದೆ ಎಂದು ಅಮ್ಮನಿಗೆ ಹೇಳಿ. ಕಾರ್ಡು ತುಂಬಿತು. ನಾನು ಬರುವಷ್ಟರಲ್ಲಿ ಫೋಟೊ ಮತ್ತೆ ಗೋಡೆಯ ಮೇಲಿರಲಿ. ಇಲ್ಲದಿದ್ದರೆ ಮೊಳೆ ನಾನೇ ಹೊಡೆಯುತ್ತೇನೆ, ಬೀದಿಗೆಲ್ಲ ಕೇಳಿಸುವ ಹಾಗೆ.