ಹಿಂಬಾಗಿಲ ಬೀಗ

ಜೂನ್ 4, ಬೆಳಿಗ್ಗೆ 5.40
ಬಕೆಟ್ ತುಂಬುವಷ್ಟರಲ್ಲಿ ಇಷ್ಟು ಬರೆಯಬೇಕು. ಇವತ್ತು ತಿಂಗಳ ಮೊದಲ ಸೋಮವಾರ. ಗಾರ್ಮೆಂಟ್ ಫ್ಯಾಕ್ಟರಿಯ ಸೇಫ್ಟಿ ರಿಜಿಸ್ಟರಿಗೆ ಸಹಿ — ‘ಹಿಂಬಾಗಿಲು ತೆರೆದಿದೆ’ ಎಂದು. ಸೂಪರ್‌ವೈಸರ್ ಆದಾಗಿನಿಂದ ತಿಂಗಳು ತಿಂಗಳೂ ಹಾಕುತ್ತಿದ್ದೇನೆ. ಬಾಗಿಲಿಗೆ ಬೀಗ ಬಿದ್ದು ಒಂದೂವರೆ ವರ್ಷ. ತೆರೆದಿಟ್ಟರೆ ಬಟ್ಟೆ ಕಳುವಾಗುತ್ತದಂತೆ. ಒಳಗೆ ಹೊಲಿಯುವವರು ಅರವತ್ತು ಹೆಂಗಸರು...

ಸಂಜೆ
ಹಾಕಿದೆ. ಮ್ಯಾನೇಜರ್ ಪೆನ್ನು ಕೊಟ್ಟರು, ಕೈ ತಾನಾಗಿ ಚಾಚಿತು. ಅಕ್ಕ ಕೇಳಿದಳು, “ಯಾಕೆ ಮುಖ ಸಪ್ಪಗಿದೆ?”
“ಏನಿಲ್ಲ.”
“ನೀನು ನಕ್ಕು ಎಷ್ಟು ದಿನ ಆಯ್ತೇ?”
ನೆನಪಿಲ್ಲ.

ಜೂನ್ 11
ಮೂರನೇ ಸಾಲಿನ ಸ್ವಿಚ್‌ನಿಂದ ಹೊಗೆ. ಎರಡೇ ನಿಮಿಷ. ಎಲ್ಲರೂ ಹಿಂಬಾಗಿಲು ನೋಡಿದರು, ಆಮೇಲೆ ನನ್ನನ್ನು. ನಾನು ನೆಲ ನೋಡಿದೆ.

ಜೂನ್ 27
ಕೆಲಸದ ನಡುವೆ ಕರೆಂಟ್ ಹೋಯಿತು. ಮಶೀನುಗಳೆಲ್ಲ ನಿಂತವು. ನನಗೇನಾಯಿತೋ — ಹಳೇ ಮಶೀನು ಕೆಮ್ಮಿ, ದಾರ ಕಡಿದು, ನಿಟ್ಟುಸಿರು ಬಿಡುವ ಸದ್ದು ಬಾಯಲ್ಲಿ ಮಾಡಿಬಿಟ್ಟೆ. ಸ್ಕೂಲಿನಲ್ಲಿ ಇದೇ ನನ್ನ ಕಸುಬು. ಅಮ್ಮ ಹೋದ ಮೇಲೆ ಬಿಟ್ಟಿದ್ದೆ. ಗುಂಡಿ ಹೊಲಿಯುವ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯರಿಗೆ ನಕ್ಕು ನಕ್ಕು ಬಿಕ್ಕಳಿಕೆ. “ಇನ್ನೊಂದ್ಸಲ ಮಾಡಿ ಮೇಡಂ,” ಎಂದು ಹಿಂದಿನಿಂದ ಯಾರೋ. ಮಾಡಿದೆ. ಇಸ್ತ್ರಿ ಪೆಟ್ಟಿಗೆಯದೂ, ಲಿಫ್ಟಿನದೂ. ನಾನೂ ನಕ್ಕೆ, ಪಕ್ಕೆ ನೋಯುವಷ್ಟು.

ಜೂನ್ 30
ದಿನಾ ಊಟದ ಹೊತ್ತಿಗೆ ಇದೇ ಕಥೆ. ಒಬ್ಬೊಬ್ಬರದು ಒಂದೊಂದು ನಗು. ಇಷ್ಟು ದಿನ ನನಗೆ ಅರವತ್ತು ತಲೆ, ಅಷ್ಟೇ. ಈಗ ಕೂತಲ್ಲಿ ಕೂರಲಾಗುತ್ತಿಲ್ಲ. ಬೇಸರದಲ್ಲಿದ್ದಾಗ ಜೀವ ಹೋದರೆ ಹೋಗಲಿ ಅನ್ನಿಸುತ್ತಿತ್ತು. ಈಗ ಬದುಕಬೇಕು ಅನ್ನಿಸುತ್ತಿದೆ — ಇವರೆಲ್ಲರ ಜೊತೆ. ಸಹಿ ಹಾಕುವ ಸೋಮವಾರ ಹತ್ತಿರ ಬರುತ್ತಿದೆ.

ಜುಲೈ 2, ಮಧ್ಯಾಹ್ನ 12.15
“ಬೇಗ ಸಹಿ ಹಾಕಮ್ಮ,” ಎಂದರು ಮ್ಯಾನೇಜರ್.
“ಬೀಗ ತೆಗೆಸಿ ಸರ್, ಹಾಕ್ತೀನಿ.”
“ಕೆಲಸ ಬೇಡ್ವಾ?”
“ಬೇಕು ಸರ್. ಜೀವಾನೂ ಬೇಕು.”
‘ಹಿಂಬಾಗಿಲಿಗೆ ಬೀಗ ಇದೆ’ ಎಂದು ರಿಜಿಸ್ಟರಿನಲ್ಲೇ ಬರೆದು ಕೆಳಗೆ ಸಹಿ ಹಾಕಿದೆ. ಎರಡು ಗಂಟೆಗೆ ಮಾಲೀಕರ ಮುಂದೆ ನಿಲ್ಲಬೇಕಂತೆ. ದೊಡ್ಡಮ್ಮ ಬಂದು ಪಕ್ಕ ಕೂತರು. “ನಾನೂ ಬರ್ತೀನಿ.”
“ಬೇಡ ದೊಡ್ಡಮ್ಮ, ನಿಮ್ಮ ಕೆಲಸಕ್ಕೂ ಕುತ್ತು.”
“ಸುಮ್ನಿರೇ. ನಿನ್ನನ್ನೊಬ್ಬಳನ್ನೇ ಬಿಡ್ತೀವಾ?”

1.50
ಆಫೀಸಿನ ಮೆಟ್ಟಿಲು. ಹಿಂದೆ ದೊಡ್ಡಮ್ಮ ಒಬ್ಬರೇ ಅಂದುಕೊಂಡಿದ್ದೆ. ಸಾಲು ಗೇಟಿನವರೆಗೂ ಇದೆ.

ಜುಲೈ 5
ನಾನೀಗ ಸೂಪರ್‌ವೈಸರ್ ಅಲ್ಲ. ಮತ್ತೆ ಕಾಲರ್ ಹೊಲಿಯುವ ಸಾಲಿಗೆ. ಅಕ್ಕನಿಗೆ ಹೇಗೆ ಹೇಳಲಿ ಎಂದು ಎರಡು ದಿನ ಒದ್ದಾಡಿ, ಇವತ್ತು ಬೆಳಿಗ್ಗೆ ಹೇಳಿದೆ. “ಹೋದರೆ ಹೋಯ್ತು ಬಿಡು,” ಎಂದಳು. ಹಿಂಬಾಗಿಲು ನಿನ್ನೆಯಿಂದ ತೆರೆದಿದೆ. ಆಚೆ ಒಂದು ಗೋಡೆ, ಅದರ ಬುಡದಲ್ಲಿ ಚೂರು ಹುಲ್ಲು. ಇಷ್ಟು ದಿನ ಯಾರೂ ನೋಡಿರಲಿಲ್ಲ. ಎಲ್ಲರೂ ಡಬ್ಬಿ ಹಿಡಿದು ಅಲ್ಲೇ ಕೂತಿದ್ದಾರೆ, ನನಗೂ ಜಾಗ ಬಿಟ್ಟು. “ಅದೇನು ಬರೀತಾ ಕೂತೆ, ಬಾರೇ,” ಎನ್ನುತ್ತಿದ್ದಾರೆ ದೊಡ್ಡಮ್ಮ. ಹೊಸಿಲು ದಾಟಬೇಕು, ಚಪ್ಪಲಿ ಇಲ್ಲೇ ಬಿಟ್ಟು —