ಅಂಗಾಲಿನ ಮಚ್ಚೆ

ತೇವಾರಂ, ಗುರುವಾರ

ದೊಡ್ಡಪ್ಪನವರಿಗೆ ಅಭಿರಾಮಿಯ ವಂದನೆಗಳು.

ಪೆರಿಯಕುಳದಲ್ಲೂ ಚರ್ಮದ ಕ್ಯಾನ್ಸರ್ ತಪಾಸಣೆಯ ಶಿಬಿರ ಮಾಡಿಸುತ್ತಿದ್ದೀರೆಂದು ಕೇಳಿದೆ. ಹೋದ ವರ್ಷ ನಮ್ಮೂರಿನ ಶಿಬಿರದಲ್ಲಿ ನೀವು ಇಡೀ ದಿನ ಶಾಲು ಹೊದ್ದು ಡಾಕ್ಟರಮ್ಮನ ಪಕ್ಕದಲ್ಲೇ ಕೂತಿದ್ದಿರಿ. ಅವರು ಅಮ್ಮನ ಮುಖ, ಕೈ ನೋಡಿ, ಅಂಗಾಲು ತೋರಿಸಿ ಎಂದರಂತೆ. ಅಮ್ಮ ಏನೂ ಇಲ್ಲವೆಂದು ಎದ್ದು ಬಂದಳು.

ಹಿಮ್ಮಡಿಯಲ್ಲಿ ಆಗಲೇ ಹುಣಸೆ ಬೀಜದಷ್ಟು ಕಪ್ಪು ಮಚ್ಚೆ ಇತ್ತು. ಅದು ಹುಣ್ಣಾಗಿ ಅವಳು ಕುಂಟತೊಡಗಿದ ಮೇಲೆಯೇ ನನಗೆ ಗೊತ್ತಾದದ್ದು. ಅವತ್ತೇ ಯಾಕೆ ತೋರಿಸಲಿಲ್ಲವೆಂದು ಕೂಗಾಡಿದೆ.

"ಬಾವ ಎದುರ್ಗೇ ಕುಂತವ್ರೆ. ಅವ್ರ ಮುಂದೆ ಅಂಗಾಲು ಎತ್ತಿ ಕಾಟ್ಟೋದಾ, ತಾಯಿ?" ಎಂದಳು.

ಅವತ್ತೇ ತೋರಿಸಿದ್ದರೆ ಮಚ್ಚೆಯನ್ನಷ್ಟೇ ಕೊಯ್ದು ತೆಗೆದರೆ ಸಾಕಾಗುತ್ತಿತ್ತಂತೆ. ಹೋದ ತಿಂಗಳು ಮದುರೈಯಲ್ಲಿ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ಪೆರಿಯಕುಳದಲ್ಲಿ ದಯವಿಟ್ಟು ಬಾಗಿಲ ಹೊರಗೆ ಕೂತುಕೊಳ್ಳಿ. ಶಾಲನ್ನು ಅಲ್ಲೇ ಹೊದಿಸಲಿ.

ಭಾನುವಾರ ಅಮ್ಮನನ್ನು ನೋಡಲು ಬರುತ್ತೀರೆಂದು ಹೇಳಿಕಳಿಸಿದ್ದೀರಿ. ಬರಬೇಡಿ. ನೀವು ಬರುವ ಸುದ್ದಿ ಕೇಳಿದ್ದೇ ತಡ, ಅವಳು ಉಳಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ನಿಮ್ಮ ತಮ್ಮನ ಮಗಳು,
ಅಭಿರಾಮಿ